ಉಗ್ರಾಣಿ ಎಸೆದದ್ದು

ನಮ್ಮ ಮಹಡಿಯ ಮೇಲಿನ ಮನೆಯಲ್ಲಿರುವ ಹೆಣ್ಣುಮಗಳಿಗೆ ಹೆತ್ತವರು ಇಟ್ಟ ಚೆಂದದ ಹೆಸರೊಂದಿದೆ. ಅದು ಅವಳ ಬ್ಯಾಂಕಿನ ಪಾಸ್‌ಬುಕ್ಕಿಗೂ ಆಫೀಸಿನ ಗುರುತಿನ ಚೀಟಿಗೂ ಮೀಸಲು. ಉಳಿದಂತೆ ಬೀದಿಗೆಲ್ಲ ಅವಳು ಉಗ್ರಾಣಿ. ಆ ಅಡ್ಡಹೆಸರು ನನ್ನ ತರಗತಿಯಲ್ಲೇ ಹುಟ್ಟಿತು. ಇಟ್ಟವರು ಅವಳ ಗೆಳತಿಯರು, ಒಪ್ಪಿದವಳು ಅವಳೇ, ಇಂದಿಗೂ ಬಿಡದೆ ಬಳಸುತ್ತಿರುವವನು ನಾನು.

ಅವಳ ಶಾಲೆಯ ಚೀಲದ ಭಾರಕ್ಕೆ ಪುಸ್ತಕಗಳು ಮಾತ್ರ ಕಾರಣವಾಗಿರಲಿಲ್ಲ. ಅದರಲ್ಲಿ ಸೂಜಿ ದಾರ ಇರುತ್ತಿದ್ದವು. ಸೇಫ್ಟಿ ಪಿನ್ನು, ಮುರಿದ ಸ್ಕೇಲಿನ ತುಂಡುಗಳು, ಶಾಯಿ ಮುಗಿದ ರೀಫಿಲ್ಲು, ಯಾವುದೋ ಬೀಗದ ಕೀಲಿ, ಆ ಕೀಲಿಗೆ ಸಂಬಂಧವೇ ಇಲ್ಲದ ಇನ್ನೊಂದು ಬೀಗ. ಇವೆಲ್ಲ ಯಾಕಮ್ಮಾ ಎಂದರೆ, ಬೇಕಾದಾಗ ಎಲ್ಲಿ ಹುಡುಕೋದು ಸಾರ್ ಎನ್ನುತ್ತಿದ್ದಳು. ಶಾಲೆಯ ತಪಾಸಣೆಗೆ ಮೇಲಧಿಕಾರಿಗಳು ಬಂದ ದಿನ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಬಂದಾಗ, ಕೈಯೆತ್ತಿ ಅನುಮತಿ ಕೇಳಿ, ಪಿನ್ನೊಂದನ್ನು ನನ್ನ ಮೇಜಿನ ಮೇಲಿಟ್ಟು, ಏನೂ ಆಗದವಳಂತೆ ಹೋಗಿ ಕುಳಿತವಳು ಅವಳು. ಆ ಚೀಲವನ್ನು ಖಾಲಿ ಮಾಡಿಸುವ ಯೋಚನೆಯನ್ನು ನಾನು ಅಂದಿನಿಂದ ಬಿಟ್ಟೆ.

ಬಹಳ ವರ್ಷಗಳ ಮೇಲೆ, ನಾನು ನಿವೃತ್ತನಾಗಿ ಕೆಳಮನೆಯಲ್ಲಿ ನೆಲೆಯಾದ ಮೇಲೆ, ಮೇಲಿನ ಮನೆಗೆ ಒಂದು ಸಂಸಾರ ಬಂತು. ಸಾಮಾನು ಇಳಿಸುವವರು ಮೆಟ್ಟಿಲ ಮೇಲೆ ಗೊಣಗುತ್ತಿದ್ದುದನ್ನು ಕೇಳಿ ಹೊರಗೆ ಬಂದು ನೋಡಿದರೆ, ಒಂದು ಹಳೆಯ ಟ್ರಂಕನ್ನು ಎದೆಗವಚಿಕೊಂಡು ನಿಂತಿದ್ದಳು ಉಗ್ರಾಣಿ. "ಮೇಷ್ಟ್ರೇ, ನೀವಾ," ಎಂದಳು. ಟ್ರಂಕನ್ನು ಮಾತ್ರ ಕೆಳಗಿಡಲಿಲ್ಲ.

ಅವಳ ಗಂಡನಿಗೆ ಮಾರುಕಟ್ಟೆಯ ಬೀದಿಯಲ್ಲಿ ಕನ್ನಡಕದ ಅಂಗಡಿ. ಮಾತು ಕಡಿಮೆ, ನಗು ಹೆಚ್ಚು. ಅವರ ಜೊತೆಗಿರುವವರು ಅವನ ತಾಯಿ, ಅಂದರೆ ಉಗ್ರಾಣಿಯ ಅತ್ತೆ. ವಿಧಿ ಎಂಥ ತಮಾಷೆಗಾರ ಎಂಬುದು ಅವರನ್ನು ನೋಡಿದ ಮೇಲೆ ನನಗೆ ತಿಳಿಯಿತು. ಸೊಸೆ ಏನನ್ನೂ ಎಸೆಯುವವಳಲ್ಲ. ಅತ್ತೆ ಏನನ್ನೂ ಇಟ್ಟುಕೊಳ್ಳುವವರಲ್ಲ. ಕೃಶವಾದ ಮೈ, ಗಾಳಿಯಂಥ ನಡಿಗೆ. ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಗುಜರಿಯವನ ಕೂಗು ಕೇಳಿದರೆ ಸಾಕು, ಆಕೆಯ ಕಣ್ಣಿಗೆ ಹೊಳಪು ಬರುತ್ತದೆ. ಖಾಲಿ ಚೀಲವೊಂದನ್ನು ಹಿಡಿದು ಮನೆಯನ್ನೆಲ್ಲ ಒಂದು ಸುತ್ತು ಬರುತ್ತಾರೆ. ಒಡೆದ ಬಕೆಟ್ಟು, ಹಳೆಯ ಪತ್ರಿಕೆ, ಒಮ್ಮೆ ಮಗ ಓದುತ್ತಿದ್ದ ಅಂದಿನ ಪತ್ರಿಕೆ ಕೂಡ.

ಆಕೆಯ ಸಿದ್ಧಾಂತ ಸರಳವಾದದ್ದು. "ನೋಡಿ ಮೇಷ್ಟ್ರೇ, ಒಂದು ವಸ್ತು ವರ್ಷಪೂರ್ತಿ ಕೈಗೆ ಬರಲಿಲ್ಲ ಅಂದ್ರೆ ಅದು ಬಾಡಿಗೆ ಕೊಡದ ಬಾಡಿಗೆದಾರ. ಅಂಥವರನ್ನ ಆಚೆಗೆ ಕಳಿಸಬೇಕು. ಮನೇಲಿ ಉಸಿರಾಡೋಕೆ ಜಾಗ ಬೇಡವಾ?"

ಅತ್ತೆ ಸೊಸೆಯರ ಈ ಸಮರದ ಮುಖ್ಯ ಕಣವೆಂದರೆ ಅಟ್ಟದ ಮೇಲಿನ ಒಂದು ಬೂಟಿನ ಡಬ್ಬ. ಅದರ ತುಂಬ ಕೆಟ್ಟುಹೋದ ಚಾರ್ಜರುಗಳು, ಯಾವ ಯಂತ್ರದ್ದೆಂದು ಯಾರಿಗೂ ತಿಳಿಯದ ತಂತಿಗಳು. ಅತ್ತೆ ಅದನ್ನು ಎಷ್ಟೋ ಬಾರಿ ಗುಜರಿಯವನ ಗಾಡಿಯವರೆಗೆ ಸಾಗಿಸಿದ್ದಾರೆ. ಸೊಸೆ ಅಷ್ಟೇ ಬಾರಿ ಮೆಟ್ಟಿಲಿಳಿದು ಓಡಿ ಅದನ್ನು ಬಿಡಿಸಿಕೊಂಡು ಬಂದಿದ್ದಾಳೆ. ಗುಜರಿಯವನು ಈಗ ಆ ಡಬ್ಬವನ್ನು ಗಾಡಿಗೆ ಹಾಕುವುದೇ ಇಲ್ಲ. ಪಕ್ಕಕ್ಕಿಟ್ಟುಕೊಂಡು, "ಅವರು ಬರಲಿ, ಕಾಯ್ತೀನಿ" ಎನ್ನುತ್ತಾನೆ. ಇಂಥ ಹೊತ್ತಿನಲ್ಲಿ ನ್ಯಾಯ ಹೇಳೆಂದು ಇಬ್ಬರೂ ಉಗ್ರಾಣಿಯ ಗಂಡನನ್ನು ಕರೆದರೆ ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ, ಇದಿಲ್ಲದೆ ನನಗೇನೂ ಕಾಣಲ್ಲವಲ್ಲ ಎಂದು ಒಳಗೆ ನಡೆದುಬಿಡುತ್ತಾನೆ.

ಉಗ್ರಾಣಿಗೆ ಸಿಕ್ಕಿದ ಕೆಲಸವೂ ಅವಳ ಸ್ವಭಾವಕ್ಕೆ ಅಳತೆ ತೆಗೆದು ಹೊಲಿದಂತಿತ್ತು. ನೀನು ಆಫೀಸಿನಲ್ಲಿ ಮಾಡುವುದಾದರೂ ಏನು ಎಂದು ನಾನೊಮ್ಮೆ ಕೇಳಿದೆ. ಕಂಪ್ಯೂಟರುಗಳಿಗೆ ಹಾಜರಿ ಹಾಕ್ತೀನಿ ಮೇಷ್ಟ್ರೇ ಎಂದಳು. ಆಮೇಲೆ ಮೆಟ್ಟಿಲ ಮೇಲೆಯೇ ಕುಳಿತು ಬಿಡಿಸಿ ಹೇಳಿದಳು. ಜನರು ಫೋನಿನಲ್ಲಿ ಏನನ್ನೋ ತೆರೆದು ನೋಡುತ್ತಾರಲ್ಲ, ಅದನ್ನು ಎಲ್ಲಿಂದಲೋ ಕೊಡುವ ದೊಡ್ಡ ಯಂತ್ರಗಳಿಗೆ ಸರ್ವರ್ ಎನ್ನುತ್ತಾರೆ. ಒಂದೇ ಯಂತ್ರದ ಮೇಲೆ ಎಲ್ಲ ಭಾರ ಹೇರಿದರೆ ಅದು ಕುಸಿದೀತೆಂದು, ಬೇರೆ ಬೇರೆ ಊರುಗಳಲ್ಲಿ ಹಲವು ಸರ್ವರುಗಳನ್ನಿಟ್ಟು ಕೆಲಸ ಹಂಚುತ್ತಾರೆ. ಪ್ರತಿಯೊಂದು ಸರ್ವರೂ ತಾನು ಮಾಡಿದ್ದನ್ನು ಒಂದೊಂದು ಸಾಲಾಗಿ ಬರೆದಿಡುತ್ತದೆ: ಯಾರೋ ಬಂದರು, ಇಂಥದ್ದು ಕೇಳಿದರು, ಕೊಟ್ಟೆ, ಅಥವಾ ಕೊಡಲಾಗಲಿಲ್ಲ. ಆ ಸಾಲುಗಳೇ ಲಾಗ್. ಪ್ರತಿ ಸರ್ವರಿನಲ್ಲೂ ಅಂಚೆಯವನಂತೆ ಒಂದು ಪುಟ್ಟ ಪ್ರೋಗ್ರಾಮ್ ಕುಳಿತಿದ್ದು, ಆ ಸಾಲುಗಳನ್ನು ಹೊತ್ತು ತಂದು ಒಂದು ಕೇಂದ್ರ ಯಂತ್ರಕ್ಕೆ ಸುರಿಯುತ್ತದೆ. ಆ ಯಂತ್ರವನ್ನು ಆಫೀಸಿನಲ್ಲಿ ಎಲ್ಲರೂ ಕಣಜ ಎನ್ನುತ್ತಾರಂತೆ. ಕಣಜ ತುಂಬಿಸುವುದು, ಸರ್ವರುಗಳ ಆರೋಗ್ಯವನ್ನು ಪರದೆಯ ಮೇಲೆ ಕಣ್ಣಿಟ್ಟು ಕಾಯುವುದು, ಇವೆರಡೂ ಉಗ್ರಾಣಿಯ ಪಾಲಿನವು. ಪರದೆಯಲ್ಲಿ ಸರ್ವರಿಗೊಂದು ಚೌಕ. ಹಸಿರಾಗಿದ್ದರೆ ಕ್ಷೇಮ, ಹಳದಿಯಾದರೆ ಜ್ವರ, ಕೆಂಪಾದರೆ ಓಡು.

"ಹಾಗಾದರೆ ಉಗ್ರಾಣದ ಕೆಲಸವೇ," ಎಂದೆ.

"ಹೌದು ಮೇಷ್ಟ್ರೇ. ಮನೇಲಿ ಎಸೆಯೋರು ಇದಾರೆ. ಅಲ್ಲಿ ಇಟ್ಕೊಂಡಷ್ಟೂ ಸಂಬಳ ಕೊಡ್ತಾರೆ," ಎಂದು ನಕ್ಕಳು.

ಆಫೀಸನ್ನು ನಾನು ನೋಡಿದ್ದೇನೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿ. ಉದ್ದನೆಯ ಒಂದೇ ಕೋಣೆ, ಗೋಡೆಗೆ ಮುಖ ಮಾಡಿದ ಮೇಜುಗಳು, ನೆಲದ ಮೇಲೆ ಟೇಪು ಅಂಟಿಸಿ ಅಡಗಿಸಿದ ತಂತಿಗಳು. ಕೆಳಗೆ ಹಲ್ಲು ಕೊರೆಯುವ ಯಂತ್ರ ಶುರುವಾದರೆ ಮೇಲಿನವರೆಲ್ಲ ಒಮ್ಮೆಗೇ ದವಡೆ ಮುಟ್ಟಿಕೊಳ್ಳುತ್ತಾರೆ. ಬಾಗಿಲ ಬಳಿ ಒಂದು ಹಳೆಯ ತಂತಿಫೋನು. ಅದಕ್ಕೆ ಬರುವ ಕರೆಗಳೆಲ್ಲ ಹಲ್ಲುನೋವಿನವರವು. ಆಫೀಸಿನ ಯಜಮಾನರು ದಪ್ಪನೆಯ, ಒಳ್ಳೆಯ ಮನಸ್ಸಿನ, ಸದಾ ಗಾಬರಿಯಲ್ಲಿರುವ ಮನುಷ್ಯ. ಚಿಂತೆ ಹತ್ತಿದರೆ ಚಹದ ಲೋಟ ಹಿಡಿದು ಅಡ್ಡಾಡುತ್ತಾರೆ, ಅದನ್ನು ಯಾರದೋ ಮೇಜಿನ ಮೇಲೆ ಮರೆಯುತ್ತಾರೆ, ಆಮೇಲೆ ಇನ್ನೊಂದು ತರಿಸುತ್ತಾರೆ. ಆಫೀಸಿಗೆ ಎಷ್ಟು ಕಷ್ಟ ಬಂದಿದೆ ಎಂಬುದನ್ನು ಲೋಟಗಳನ್ನು ನೋಡಿಯೇ ಹೇಳಬಹುದೆಂದು ಉಗ್ರಾಣಿ ಹೇಳುತ್ತಿದ್ದಳು.

ಆ ಆಫೀಸಿನ ಹೊಟ್ಟೆಪಾಡು ನಡೆಯುತ್ತಿದ್ದುದು ಬಹುಮಟ್ಟಿಗೆ ಒಂದೇ ಕೆಲಸದಿಂದ. ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶವನ್ನು ಮಕ್ಕಳು ಫೋನಿನಲ್ಲೇ ನೋಡುವ ಪುಟವನ್ನು ನಡೆಸುವುದು ಅವರ ಹೊಣೆ. ನನ್ನ ಕಾಲದಲ್ಲಿ ಹಾಳೆಯನ್ನು ಗೋಡೆಗೆ ಅಂಟಿಸುತ್ತಿದ್ದೆವು; ನೂಕುನುಗ್ಗಲಿನಲ್ಲಿ ಹರಿದರೆ ಅಂಗಿ ಹರಿಯುತ್ತಿತ್ತೇ ಹೊರತು ಹಾಳೆ ಹರಿಯುತ್ತಿರಲಿಲ್ಲ. ಈಗ ನೂಕುನುಗ್ಗಲೆಲ್ಲ ಕಣ್ಣಿಗೆ ಕಾಣದ ಕಡೆಯಲ್ಲಿ. ಕಳೆದ ವರ್ಷ ಆ ನೂಕುನುಗ್ಗಲಿಗೆ ಪುಟ ಕುಸಿದು ಮಧ್ಯಾಹ್ನದವರೆಗೂ ಏಳಲಿಲ್ಲ. ಮಕ್ಕಳು ಅತ್ತರು, ತಂದೆತಾಯಿಯರು ಬೈದರು. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಯಾಕೆ ಕುಸಿಯಿತೆಂದು ಯಾರಿಗೂ ಹೇಳಲಾಗಲಿಲ್ಲ. ಸರ್ವರುಗಳು ಎದ್ದೆ ಎಂದು ಬರೆದಿದ್ದವು, ಬಿದ್ದೆ ಎಂದು ಬರೆದಿದ್ದವು, ನಡುವಿನದು ಏನೂ ಇರಲಿಲ್ಲ. ಯಜಮಾನರು ಪರೀಕ್ಷಾ ಇಲಾಖೆಗೆ ಪುಟಗಟ್ಟಲೆ ವರದಿ ಬರೆದರು. ಅದರಲ್ಲಿ ಹೀಗಾಗಿರಬಹುದು, ಹಾಗಾಗಿರಬಹುದು ಎಂಬುದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ.

ಇಲಾಖೆಯ ಅಧಿಕಾರಿಣಿ ಬಿಗಿಯಾದ ಹೆಂಗಸು. ಪುಟ ಇನ್ನೊಮ್ಮೆ ನಿಂತರೂ ಸಹಿಸಿಯೇನು, ಯಾಕೆ ನಿಂತಿತೋ ಗೊತ್ತಿಲ್ಲ ಎನ್ನುವುದನ್ನು ಸಹಿಸಲಾರೆ. ಹಾಗೇನಾದರೂ ಆದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಕಡ್ಡಿ ಮುರಿದಂತೆ ಹೇಳಿದರು. ಕೆಲಸ ಹೋದರೆ ಆಫೀಸಿನ ಅರ್ಧ ಕುರ್ಚಿಗಳು ಖಾಲಿಯಾಗುತ್ತವೆ. ಮೊದಲು ಖಾಲಿಯಾಗುವ ಕುರ್ಚಿ ಯಾರದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಣ್ಣಿಟ್ಟು ಕಾಯಬೇಕಾದವಳು, ಲಾಗ್ ಕೂಡಿಡಬೇಕಾದವಳು ಉಗ್ರಾಣಿಯಾದ್ದರಿಂದ ಹೇಳುವ ಅಗತ್ಯವೂ ಇರಲಿಲ್ಲ.

ಕೂಡಿಡುವುದನ್ನೇ ಜೀವನದ ವ್ರತ ಮಾಡಿಕೊಂಡವಳಿಗೆ, ನೀನು ಸಾಕಷ್ಟು ಕೂಡಿಡಲಿಲ್ಲ ಎಂದರೆ ಹೇಗಾಗಬೇಡ? ಆ ವರ್ಷವೆಲ್ಲ ಅವಳು ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದಳು. ಫಲಿತಾಂಶದ ದಿನ ಹತ್ತಿರ ಬಂದಾಗ ಆಫೀಸಿನವರು ಒಂದು ತಾಲೀಮು ನಡೆಸಿದರು. ಸುಳ್ಳು ಜನಸಂದಣಿಯನ್ನು ಹುಟ್ಟಿಸಿ ಸರ್ವರುಗಳ ಮೇಲೆ ನುಗ್ಗಿಸಿದರು. ಸರ್ವರುಗಳು ಬಂಡೆಯಂತೆ ನಿಂತವು. ಯಜಮಾನರು ಅಂದು ಒಂದೇ ಲೋಟ ಚಹ ಕುಡಿದರು, ಅದನ್ನೂ ಪೂರ್ತಿಯಾಗಿ.

ತಾಲೀಮು ಮುಗಿದ ಮೇಲೆ ಉಗ್ರಾಣಿ ಒಂದು ಕೆಲಸ ಮಾಡಿದಳು. ಲಾಗಿನಲ್ಲಿ ಎಷ್ಟು ವಿವರ ಬರೆಯಬೇಕೆಂದು ಸರ್ವರಿಗೆ ನಾವೇ ಹೇಳಬಹುದು. ಮುಖ್ಯವಾದದ್ದನ್ನು ಮಾತ್ರ ಬರಿ ಎನ್ನಬಹುದು. ಉಸಿರೆಳೆದದ್ದು ಬಿಟ್ಟದ್ದೆಲ್ಲ ಬರಿ ಎಂದೂ ಹೇಳಬಹುದು. ಈ ಸಲ ಒಂದು ಸಾಲೂ ತಪ್ಪಬಾರದೆಂದು ಅವಳು ಎರಡನೆಯದನ್ನು ಆರಿಸಿದಳು. ಯಜಮಾನರೂ ಹ್ಞೂಂಗುಟ್ಟಿದರು. ತಾಲೀಮು ನಡೆದದ್ದು ಕಡಿಮೆ ಬರವಣಿಗೆಯಲ್ಲಿ, ನಾಟಕ ನಡೆಯಬೇಕಾದದ್ದು ಹೆಚ್ಚು ಬರವಣಿಗೆಯಲ್ಲಿ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಫಲಿತಾಂಶದ ದಿನ ನಾನು ಹಳೆಯ ಅಭ್ಯಾಸದಂತೆ ಶಾಲೆಗೆ ಹೋಗಿದ್ದೆ. ನಿವೃತ್ತನಾದರೂ ಆ ದಿನ ಮಾತ್ರ ಮನೆಯಲ್ಲಿ ಕೂರಲು ನನ್ನಿಂದಾಗದು. ಅಂಗಳದಲ್ಲಿ ಮಕ್ಕಳು ಗುಂಪುಗುಂಪಾಗಿ ಫೋನಿನ ಸುತ್ತ ತಲೆ ಸೇರಿಸಿ ನಿಂತಿದ್ದರು. ಹೊತ್ತಾದೊಡನೆ ಪುಟ ತೆರೆಯಿತು. ಅಲ್ಲೊಂದು ಕಿರುಚಾಟ, ಇಲ್ಲೊಂದು ಅಪ್ಪುಗೆ. ಉಗ್ರಾಣಿ ಗೆದ್ದಳೆಂದು ನಾನು ಮನಸ್ಸಿನಲ್ಲೇ ಬೆನ್ನು ತಟ್ಟಿದೆ. ಸ್ವಲ್ಪ ಹೊತ್ತಿಗೆ ಅಂಗಳ ತಣ್ಣಗಾಯಿತು. ಯಾರ ಫೋನಿನಲ್ಲಿ ನೋಡಿದರೂ ಒಂದು ಪುಟ್ಟ ಚಕ್ರ ತಿರುಗುತ್ತಿತ್ತು, ತಿರುಗುತ್ತಲೇ ಇತ್ತು.

ಅದೇ ಹೊತ್ತಿನಲ್ಲಿ ಆಫೀಸಿನಲ್ಲಿ ಏನಾಯಿತೆಂಬುದನ್ನು ಉಗ್ರಾಣಿ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ನಾನೇ ಅಲ್ಲಿದ್ದೆನೇನೋ ಎನಿಸುತ್ತದೆ. ಪರದೆಯ ಮೇಲೆ ಚೌಕಗಳೆಲ್ಲ ಹಚ್ಚಹಸಿರು. ಒಂದಾದರೂ ಹಳದಿಯಿಲ್ಲ. ಯಜಮಾನರು ಅವಳ ಬೆನ್ನ ಹಿಂದೆ ನಿಂತು ಆ ಹಸಿರನ್ನು ಮೊಮ್ಮಗುವನ್ನು ನೋಡುವಂತೆ ನೋಡುತ್ತಿದ್ದರು. ಆ ದಿನ ಮನೆಯವರ ಕರೆಗಳು ಬೇಡವೆಂದು ಎಲ್ಲರೂ ಫೋನುಗಳ ಬಾಯಿ ಮುಚ್ಚಿಸಿಟ್ಟಿದ್ದರು. ಆಗ ಬಾಗಿಲ ಬಳಿಯ ತಂತಿಫೋನು ಬಡಿದುಕೊಂಡಿತು. ಹತ್ತಿರವಿದ್ದ ಉಗ್ರಾಣಿ ಎತ್ತಿ, ಎಂದಿನಂತೆ, ಡಾಕ್ಟರು ಕೆಳಗಡೆ ಇದ್ದಾರೆ, ಇದು ಆ ನಂಬರಲ್ಲ ಎಂದಳು.

"ನನಗೆ ಹಲ್ಲುನೋವಲ್ಲ ಕಣಮ್ಮ," ಎಂದಿತು ಅತ್ತೆಯ ದನಿ. "ನಿನ್ನ ಮಿಷನ್ನಿಗೇ ಏನೋ ನೋವು. ಇಲ್ಲಿ ಮಗು ಊಟ ಬಿಟ್ಟು ಕೂತಿದೆ. ಬರೀ ಚಕ್ರ ಸುತ್ತುತಾ ಇದೆ."

ಮಗು ಎಂದರೆ ಅತ್ತೆಯ ಮಗಳ ಮಗಳು. ಆ ವರ್ಷ ಪರೀಕ್ಷೆ ಬರೆದವಳು, ಫಲಿತಾಂಶ ನೋಡಲು ಅಜ್ಜಿಯ ಮನೆಗೆ ಬಂದು ಕುಳಿತಿದ್ದಳು.

"ಇಲ್ಲ ಅತ್ತೆ, ಎಲ್ಲಾ ಸರಿಯಾಗಿದೆ. ಹಸಿರು ಕಾಣ್ತಾ ಇದೆ ನನಗೆ."

"ಹಸಿರು ನಿನ್ನ ಹತ್ರ ಇಟ್ಕೋ. ನಮಗೆ ಮಾರ್ಕು ಕಳಿಸು," ಎಂದು ಅತ್ತೆ ಫೋನಿಟ್ಟರು.

ಉಗ್ರಾಣಿಗೆ ಮೊದಲು ಬಂದದ್ದು ಕೋಪ. ಆಮೇಲೆ ಅನುಮಾನ. ಮನೆಯ ಇಂಟರ್‌ನೆಟ್ಟೇ ಕೆಟ್ಟಿರಬೇಕೆಂದುಕೊಂಡು ತಾನೇ ಸಾಮಾನ್ಯರಂತೆ ಪುಟವನ್ನು ತೆರೆದು ನೋಡಿದಳು. ಚಕ್ರ ತಿರುಗಿತು. ಪರದೆಯತ್ತ ನೋಡಿದಳು, ಹಸಿರು. ಆಗ ಅವಳು ಚೌಕಗಳನ್ನು ಬಿಟ್ಟು ನೇರವಾಗಿ ಒಂದು ಸರ್ವರಿನ ಒಳಗೇ ಇಳಿದಳು. ಜಾಗವಿಲ್ಲ ಎಂದಿತು ಅದು.

ನಡೆದದ್ದು ಇಷ್ಟು. ನಿಜವಾದ ಜನಸಂದಣಿ ನುಗ್ಗಿತು. ಒಂದೊಂದು ಮಗು ಬಂದಾಗಲೂ ಸರ್ವರುಗಳು ಉಸಿರೆಳೆದದ್ದು ಬಿಟ್ಟದ್ದನ್ನೆಲ್ಲ ಬರೆಯತೊಡಗಿದವು. ಅಂಚೆಯವರು ಹೊತ್ತು ತಂದರು, ತಂದರು, ಕೊನೆಗೆ ಕಣಜದ ಬಾಗಿಲಲ್ಲಿ ನೂಕುನುಗ್ಗಲಾಗಿ ಒಳಗೆ ಹೋಗುವುದೇ ನಿಂತಿತು. ಕಳಿಸಲಾಗದ ಲಾಗ್ ಆಯಾ ಸರ್ವರಿನಲ್ಲೇ ರಾಶಿ ಬಿತ್ತು. ರಾಶಿ ಬೆಳೆದು ಜಾಗವೆಲ್ಲ ತಿಂದಿತು. ಅಂಕ ತೋರಿಸುವ ಮೊದಲು ಒಂದು ಸಾಲು ಬರೆಯಲೇಬೇಕು, ಬರೆಯಲು ಜಾಗವಿಲ್ಲ. ಹಾಗಾಗಿ ಸರ್ವರ್ ಪೆನ್ನು ಹಿಡಿದು ಕಾಯುತ್ತ ನಿಂತಿತು, ಮಕ್ಕಳು ಚಕ್ರ ನೋಡುತ್ತ ನಿಂತರು. ಇನ್ನು ಪರದೆ ಹಸಿರಾಗಿಯೇ ಇದ್ದದ್ದೇಕೆ? ಸರ್ವರುಗಳ ಆರೋಗ್ಯದ ಸುದ್ದಿ ತರುವವರೂ ಅದೇ ಅಂಚೆಯವರು. ಅವರೂ ಅದೇ ಸಾಲಿನಲ್ಲಿ ಸಿಕ್ಕಿಬಿದ್ದಿದ್ದರು. ಉಗ್ರಾಣಿ ನೋಡುತ್ತಿದ್ದುದು ಹಳೆಯ ಹಸಿರು. ಕಣಜದ ಬಾಗಿಲು ಕಟ್ಟಿಕೊಳ್ಳುವ ಮುಂಚಿನದು.

ಸರ್ವರುಗಳನ್ನು ಕಾಯಲೆಂದು ಕೂಡಿಟ್ಟದ್ದೇ ಸರ್ವರುಗಳ ಕತ್ತು ಹಿಸುಕುತ್ತಿತ್ತು.

ಮೊದಲು ಅವಳು ಒಂದು ಸರ್ವರಿನ ರಾಶಿಯನ್ನು ಬೇರೆಡೆಗೆ ಸಾಗಿಸಲು ನೋಡಿದಳು. ಇರುವೆ ಹೊತ್ತಂತೆ ಸಾಗುತ್ತಿತ್ತು. ಸಂಜೆಯಾದರೂ ಮುಗಿಯುವಂತಿರಲಿಲ್ಲ. ಉಳಿದದ್ದು ಒಂದೇ ದಾರಿ: ಬರವಣಿಗೆಯನ್ನು ಕಡಿಮೆ ಮಾಡಿ, ರಾಶಿಯನ್ನು ಅಳಿಸಿಹಾಕುವುದು. ಅವಳು ಯಜಮಾನರಿಗೆ ಹೇಳಿದಳು. ಯಜಮಾನರು ಕೈಯಲ್ಲಿದ್ದ ಲೋಟವನ್ನು ಅವಳ ಕೀಲಿಮಣೆಯ ಪಕ್ಕದಲ್ಲೇ ಇಟ್ಟರು. ಆಗಲೇ ಅಲ್ಲಿ ಮೂರ್ನಾಲ್ಕು ಲೋಟಗಳಿದ್ದವು.

"ಬೇಡಮ್ಮ, ಬೇಡ. ಲಾಗ್ ಹೋದ್ರೆ ನಾವು ಹೋದ ಹಾಗೇ. ಏನಾಯ್ತು ಅಂತ ಮೇಡಂಗೆ ಏನು ತೋರಿಸ್ತೀಯ?"

"ಪುಟ ನಿಂತಿದ್ರೆ ಲಾಗ್ ಇಟ್ಕೊಂಡು ಏನ್ ಮಾಡೋದು ಸಾರ್?"

"ಅಳಿಸಿದ ಮೇಲೂ ಪುಟ ಏಳಲಿಲ್ಲ ಅಂದ್ರೆ?"

ಅಳಿಸಿಯೂ ಏಳದಿದ್ದರೆ, ಪುಟವೂ ಹೋಯಿತು, ಕಾರಣವೂ ಹೋಯಿತು. ಇಲಾಖೆಯ ಮುಂದೆ ಬರಿಗೈಯಲ್ಲಿ ನಿಲ್ಲಬೇಕು. ಅಳಿಸಿದವಳು ಯಾರೆಂದು ಕೇಳಿದರೆ ಬೆರಳು ಒಬ್ಬಳ ಕಡೆಗೇ ತಿರುಗಬೇಕು. ಮುಗಿದ ರೀಫಿಲ್ಲನ್ನೂ ಎಸೆಯದ ಕೈ ಅದು. ಕೀಲಿಮಣೆಯ ಮೇಲೆ ಸುಮ್ಮನೆ ಕೂತುಬಿಟ್ಟಿತು. ಕೆಳಗಡೆ ಯಾರದೋ ಹಲ್ಲು ಕೊರೆಯುತ್ತಿದ್ದರು.

ಆಮೇಲೆ ಅವಳು, ಪಕ್ಕದವರಿಗೂ ಕೇಳುವಂತೆ, ಥೇಟು ಅತ್ತೆಯ ರಾಗದಲ್ಲಿ, "ಬಾಡಿಗೆ ಕೊಡದವರೆಲ್ಲ ಆಚೆಗೆ ನಡೀರಿ," ಎಂದಳಂತೆ. ಎಂದು ಗುಂಡಿ ಒತ್ತಿದಳು.

ಒಂದೇ ಸರ್ವರನ್ನು ಮೊದಲು ಖಾಲಿ ಮಾಡಿ ನೋಡಿದಳು. ಅದು ಒಮ್ಮೆ ಮೈಕೊಡವಿಕೊಂಡು ಕೆಲಸಕ್ಕೆ ತೊಡಗಿತು. ಆಮೇಲೆ ತಡಮಾಡಲಿಲ್ಲ. ಒಂದೊಂದು ಊರಿನ ಒಂದೊಂದು ಸರ್ವರಿಗೂ ಇಳಿದು, ಗುಡಿಸಿ, ಮೇಲೆ ಬಂದಳು. ಶಾಲೆಯ ಅಂಗಳದಲ್ಲಿ ನನಗೆ ಇದಾವುದೂ ತಿಳಿಯದು. ಮೂಲೆಯಲ್ಲಿ ಒಬ್ಬಳು ಹುಡುಗಿ ಕೂಗಿದಳು, ಆಮೇಲೆ ಗೇಟಿನ ಬಳಿ ಇಬ್ಬರು, ಆಮೇಲೆ ಅಂಗಳಕ್ಕೆ ಅಂಗಳವೇ. ಅಷ್ಟೇ ನಾನು ಕಂಡದ್ದು. ಚಕ್ರ ತಿರುಗಿದ್ದು ಎಷ್ಟು ಹೊತ್ತೆಂದು ಕೇಳಿದರೆ ಅಂಕ ಬಂದವರು ಸ್ವಲ್ಪ ಹೊತ್ತು ಎನ್ನುತ್ತಾರೆ, ಕಾಯುತ್ತಿದ್ದವರು ಯುಗ ಎನ್ನುತ್ತಾರೆ.

ಪುಟ ಎದ್ದಿತೆಂದು ಆಫೀಸಿನವರು ಕುರ್ಚಿಗೊರಗುವಷ್ಟರಲ್ಲಿ ಅಧಿಕಾರಿಣಿಯ ಕರೆ ಬಂತು. ನಡುವೆ ನಿಂತಿತ್ತಲ್ಲ, ಯಾಕೆ? ಯಜಮಾನರು ಒಂದು ನಿಮಿಷ ಮೇಡಂ ಎಂದು ಫೋನಿನ ಬಾಯಿಗೆ ಅಂಗೈ ಮುಚ್ಚಿದರು.

"ಜನ ಸಿಕ್ಕಾಪಟ್ಟೆ ಬಂದ್ರು ಅಂತ ಹೇಳಿಬಿಡೋಣ," ಎಂದು ಪಿಸುಗುಟ್ಟಿದರು. "ಅಲ್ಲ ಅನ್ನೋಕೆ ಲಾಗೇ ಇಲ್ಲವಲ್ಲ."

ಮಾತು ನಿಜವಾಗಿತ್ತು. ಆ ಹೊತ್ತಿನ ಒಂದು ಸಾಲೂ ಭೂಮಿಯ ಮೇಲಿರಲಿಲ್ಲ. ಏನು ಹೇಳಿದರೂ ನಡೆಯುತ್ತಿತ್ತು. ಜನಸಂದಣಿ ಎಂದರೆ ಯಾರ ಕುರ್ಚಿಗೂ ಕುತ್ತಿರಲಿಲ್ಲ. ಕಳೆದ ವರ್ಷ ಲಾಗ್ ಇಲ್ಲದ್ದು ಅವರನ್ನು ಮುಳುಗಿಸಿತ್ತು, ಈ ವರ್ಷ ಲಾಗ್ ಇಲ್ಲದ್ದೇ ತೇಲಿಸುವಂತಿತ್ತು. ಉಗ್ರಾಣಿ ಒಮ್ಮೆ ಪರದೆಯನ್ನೂ ಒಮ್ಮೆ ಲೋಟಗಳ ಸಾಲನ್ನೂ ನೋಡಿದಳಂತೆ. ಆಮೇಲೆ ಕೈಚಾಚಿ ಫೋನು ತೆಗೆದುಕೊಂಡಳು.

"ಮೇಡಂ, ಲಾಗ್ ಕೂಡಿಡೋಳು ನಾನು. ಈ ಸಲ ಬೇಕಾಗಿದ್ದಕ್ಕಿಂತ ಜಾಸ್ತಿ ಬರೆಸಿದೆ. ಬರೆದಿದ್ದೇ ಜಾಗ ತುಂಬಿಸಿ ಪುಟ ನಿಲ್ಲಿಸ್ತು. ಪುಟ ಏಳಲಿ ಅಂತ ಅದನ್ನೆಲ್ಲ ನಾನೇ ಅಳಿಸಿದೆ. ತೋರಿಸೋಕೆ ನನ್ನ ಹತ್ರ ಏನೂ ಇಲ್ಲ."

ಯಜಮಾನರು ಗೋಡೆಯ ಕಡೆಗೆ ತಿರುಗಿ ನಿಂತಿದ್ದರು.

"ಕಳೆದ ವರ್ಷ ನಿಮ್ಮವರು ಕಳಿಸಿದ ವರದಿ ಓದಿದ್ದೀರಾ?" ಎಂದು ಕೇಳಿದರು ಅಧಿಕಾರಿಣಿ.

"ಓದಿದೀನಿ ಮೇಡಂ."

"ನನಗೆ ಅದರಲ್ಲಿ ಒಂದು ಸಾಲೂ ಅರ್ಥ ಆಗಿರಲಿಲ್ಲ. ಇವತ್ತು ಎಲ್ಲಾ ಅರ್ಥ ಆಯ್ತು. ಮುಂದಿನ ವರ್ಷ ಏನು ಮಾಡ್ತೀರಿ?"

"ಕಡಿಮೆ ಬರೆಸ್ತೀನಿ ಮೇಡಂ. ತಾಲೀಮಲ್ಲಿ ಹೇಗೆ ಬರೆಸಿದ್ದೆವೋ ಅವತ್ತೂ ಹಾಗೇ. ಆರೋಗ್ಯ ನೋಡೋ ದಾರಿ ಬೇರೆ, ಲಾಗ್ ತರೋ ದಾರಿ ಬೇರೆ ಇಡ್ತೀನಿ."

"ಈಗ ಹೇಳಿದ್ದನ್ನೇ ಬರೆದು ಕಳಿಸಿ. ಇಷ್ಟೇ ಇರಲಿ, ಉದ್ದ ಮಾಡಬೇಡಿ," ಎಂದು ಅವರು ಫೋನಿಟ್ಟರು.

ಮುಂದಿನ ವರ್ಷ ಏನು ಮಾಡುತ್ತೀರಿ ಎಂದು ಕೇಳಿದರೆಂದರೆ, ಮುಂದಿನ ವರ್ಷವೂ ನೀವೇ ಎಂದಂತಲ್ಲವೇ? ಯಜಮಾನರಿಗೆ ಅದು ಹೊಳೆಯಲು ತುಸು ಸಮಯ ಬೇಕಾಯಿತು. ಹೊಳೆದ ಮೇಲೆ ಅವರು ಹುಡುಕಿ ಹುಡುಕಿ ತಮ್ಮ ಲೋಟಗಳನ್ನೆಲ್ಲ ಎತ್ತಿಕೊಂಡು ತಾವೇ ತೊಳೆಯಲು ಹೋದರಂತೆ.

ಅಂದು ಸಂಜೆ ನಾನು ಜಗಲಿಯಲ್ಲಿ ಕುಳಿತಿದ್ದೆ. ಉಗ್ರಾಣಿ ಬಂದಳು, ದಣಿದ ನಗು ನಕ್ಕಳು, ಬಂದು ಹೇಳ್ತೀನಿ ಮೇಷ್ಟ್ರೇ ಎಂದು ಮೆಟ್ಟಿಲೇರಿದಳು. ಸ್ವಲ್ಪ ಹೊತ್ತಿಗೆ ಅತ್ತೆ ಸದ್ದಾಗದಂತೆ ಇಳಿದು ಬಂದರು. ಗಾಳಿಯಂಥ ನಡಿಗೆಯ ಆ ಹೆಂಗಸು ಕಂಬ ಹಿಡಿದು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮೊಮ್ಮಗಳಿಗೆ ಏನಾದರೂ ಕಡಿಮೆ ಅಂಕ ಬಂತೇ ಎಂದು ವಿಚಾರಿಸಿದೆ. ಇಲ್ಲ, ಅವಳು ಚೆನ್ನಾಗಿಯೇ ಪಾಸಾಗಿ, ಬಿಟ್ಟ ಊಟವನ್ನು ಬಡ್ಡಿಸಮೇತ ಮುಗಿಸಿ ಮಲಗಿದ್ದಾಳಂತೆ.

"ಮೇಷ್ಟ್ರೇ, ಅವಳನ್ನ ಸ್ವಲ್ಪ ವಿಚಾರಿಸಿ. ನಿಮ್ಮ ಮಾತು ಕೇಳ್ತಾಳೆ. ಕೆಲಸ ಹೋಗಿದೆ ಅನ್ಸುತ್ತೆ."

"ಹಾಗಂತ ಹೇಳಿದಳೇ?"

"ಹೇಳಬೇಕಾ? ಬಂದವಳೇ ಸ್ಟೂಲು ಹಾಕಿ ಅಟ್ಟ ಹತ್ತಿದಳು. ಆ ಬೂಟಿನ ಡಬ್ಬ ತಂದು ನನ್ನ ಕೈಗೆ ಕೊಟ್ಟಳು. ತಗೊಳ್ಳಿ ಅತ್ತೆ, ಭಾನುವಾರ ಕೊಟ್ಟುಬಿಡಿ ಅಂದಳು. ತಾನಾಗಿ." ಆಕೆಯ ದನಿ ತಗ್ಗಿತು. "ಬೆಳಿಗ್ಗೆ ನಾನು ಫೋನಲ್ಲಿ ಒರಟಾಗಿ ಮಾತಾಡಿದೆ. ಮಾರ್ಕು ಕಳಿಸು ಅಂದೆ. ಅದನ್ನೇ ಮನಸ್ಸಿಗೆ ಹಚ್ಕೊಂಡು ಏನಾದರೂ ಎಡವಟ್ಟು ಮಾಡಿದಳೋ ಏನೋ."

ನಾನು ಅವರೊಡನೆ ಮೇಲೆ ಹೋದೆ. ಉಗ್ರಾಣಿ ಕಾಲು ಚಾಚಿ ನೆಲದ ಮೇಲೆ ಕುಳಿತಿದ್ದಳು. ಅವಳ ಗಂಡ ಚಹ ಮಾಡಿ ತಂದ. ಅವಳು ಅಂದಿನದನ್ನೆಲ್ಲ ಹೇಳಿದಳು. ಅತ್ತೆಯ ಫೋನು ಬರದಿದ್ದರೆ ಹಳೆಯ ಹಸಿರನ್ನೇ ನೋಡುತ್ತ ಕೂತಿರುತ್ತಿದ್ದೆ ಎಂದೂ ಹೇಳಿದಳು. ಅತ್ತೆ ಬಾಗಿಲಿಗೊರಗಿ ಪೂರ್ತಿ ಕೇಳಿದರು. ಬಾಡಿಗೆ ಕೊಡದವರ ಮಾತು ಬಂದಾಗ ಸೆರಗು ಸರಿಮಾಡಿಕೊಂಡು ಬೇರೆಡೆ ನೋಡಿದರು. ಮುಗಿದ ಮೇಲೆ ಬೂಟಿನ ಡಬ್ಬವನ್ನೆತ್ತಿಕೊಂಡು ಸ್ಟೂಲಿನ ಕಡೆಗೆ ನಡೆದರು.

"ಅತ್ತೆ, ನಿಜವಾಗಿ ಹೇಳ್ತಿದೀನಿ, ಕೊಟ್ಟುಬಿಡಿ. ನನಗೆ ಬೇಡ ಅದು," ಎಂದಳು ಉಗ್ರಾಣಿ.

"ಸುಮ್ನಿರು," ಎಂದರು ಅತ್ತೆ, ಸ್ಟೂಲು ಹತ್ತುತ್ತ. "ಇದನ್ನೂ ಕೊಟ್ಟುಬಿಟ್ರೆ ಭಾನುವಾರ ನಾನು ಯಾರ ಜೊತೆ ಜಗಳ ಆಡಲಿ?"

ಅವಳ ಗಂಡ ಕನ್ನಡಕ ತೆಗೆದು ಒರೆಸತೊಡಗಿದ. ಡಬ್ಬ ತನ್ನ ಜಾಗಕ್ಕೆ ಹೋಗಿ ಕುಳಿತ ಸದ್ದು ಕೇಳಿಸಿತು.